ಏಳು ಮನೆ ಕೆಳಗೆ

ಮೇಸ್ತ್ರಿ ಅರವನ್ನು ಒಂದು ಸಲ ಮುಂದಕ್ಕೆ ನೂಕಿ, ಎತ್ತಿ, ಪುಡಿ ಊದಿ, ಮತ್ತೆ ಅದೇ ಗೀರಿನಲ್ಲಿ ಇಟ್ಟ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಆ ಮೂಳೆಯ ಪಟ್ಟಿ ಕಿರುಬೆರಳಿನಷ್ಟೂ ಉದ್ದವಿಲ್ಲ. ಅದರಲ್ಲಿ ಆರು ಗೀರು. ಎಲ್ಲಕ್ಕಿಂತ ದಪ್ಪ ತಂತಿಯ ಗೀರನ್ನು ಅವನು ಅಗಲ ಮಾಡುತ್ತಿರುವುದು ಒಂದು ವರ್ಷದಲ್ಲಿ ಇದು ಮೂರನೆಯ ಸಲ. ಜಾಸ್ತಿ ಉಜ್ಜಿದರೆ ತಂತಿ ಗೀರಿನೊಳಗೇ ಅಲುಗಾಡಿ ಗುಂಯ್‌ಗುಡುತ್ತದೆ. ಕಡಿಮೆ ಉಜ್ಜಿದರೆ ಸಿಕ್ಕಿಕೊಂಡು ಶ್ರುತಿ ನಿಲ್ಲುವುದಿಲ್ಲ. ಉಜ್ಜಿದ್ದನ್ನು ಮೂಳೆಪುಡಿ, ಅಂಟು ಕಲಸಿ ವಾಪಸ್ ತುಂಬುವವರೂ ಇದ್ದಾರೆ. ಮೇಸ್ತ್ರಿಯ ಕಣ್ಣಿಗೆ ಅದು ತೇಪೆ ಹಚ್ಚುವ ಕೆಲಸ.

ಹೆಂಡತಿ ಯಾರದೋ ಹೊಸ ಮನೆಯ ಕಿಟಕಿ ಅಳತೆಗೆ ಹೋಗಿದ್ದಳು. ಪರದೆ ಹೊಲಿಯುವುದು ಅವಳ ಕೆಲಸ. ಹನ್ನೊಂದು ಕಿಟಕಿ ಎಂದು ಹೇಳಿದ್ದಳು. ಒಂದಕ್ಕೆ ಹತ್ತು ನಿಮಿಷ, ಮನೆಯಾಕೆ ಮಾತಿನವಳಾಗಿದ್ದರೆ ಹದಿನೈದು. ನಾಲ್ಕು ಗಂಟೆಯೊಳಗೆ ಮುಗಿಸಿ, ಪುಡಿ ಗುಡಿಸಿ, ಗಿಟಾರನ್ನು ಗೋಡೆಗೆ ನೇತುಹಾಕಿ, ಏನೂ ಆಗಿಲ್ಲವೆಂಬಂತೆ ಬೇರೆ ಯಾವುದಾದರೂ ಕೆಲಸ ಹಿಡಿದು ಕೂರಬೇಕು. ಅವನ ಗಿಟಾರು ರಿಪೇರಿ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಹಿಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ನಡುವೆ ಒಂದು ಬಾಗಿಲು, ಅದನ್ನು ಮುಚ್ಚಿದ್ದು ಯಾರಿಗೂ ನೆನಪಿಲ್ಲ. ಇಂಥ ಮನೆಯಲ್ಲಿ ಗುಟ್ಟು ಮಾಡುವುದೆಂದರೆ ಹುಡುಗಾಟವಲ್ಲ.

ಶ್ರುತಿ ಇಳಿಸುವುದೆಂದರೆ ಕೀಲಿ ತಿರುಗಿಸಿ ತಂತಿ ಸಡಿಲಿಸಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಹಾಗೆ ಮಾಡಿದರೆ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತದೆ, ಮೀಟಿದಾಗಲೆಲ್ಲ ಕೆಳಗಿನ ಲೋಹದ ಪಟ್ಟಿಗಳಿಗೆ ಬಡಿಯುತ್ತದೆ. ಆಳಕ್ಕೆ ಇಳಿದೂ ಬಿಗಿ ಉಳಿಯಬೇಕಾದರೆ ದಪ್ಪ ತಂತಿ ಬೇಕು. ದಪ್ಪ ತಂತಿಗೆ ಅಗಲ ಗೀರು ಬೇಕು. ಬಿಗಿ ಬದಲಾದರೆ ಕತ್ತು ಬಾಗುತ್ತದೆ, ಅದರೊಳಗೆ ಹುದುಗಿಸಿದ ಉಕ್ಕಿನ ಕಂಬಿಯನ್ನು ಕಾಲು ಸುತ್ತು ತಿರುಗಿಸಿ ಒಂದು ದಿನ ಬಿಟ್ಟು ನೋಡಬೇಕು. ಆ ತುದಿಯಲ್ಲಿ ತಂತಿಯನ್ನು ಹೊರುವ ಕುದುರೆಗಳನ್ನು ಒಂದೊಂದಾಗಿ ಹಿಂದೆ ಸರಿಸಬೇಕು, ಇಲ್ಲದಿದ್ದರೆ ಖಾಲಿ ತಂತಿ ಸರಿಯಾಗಿ ನುಡಿದು, ಒತ್ತಿ ಹಿಡಿದದ್ದು ಸುಳ್ಳು ಹೇಳುತ್ತದೆ.

ಈ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಗುಡುಗು ಎಂಬ ಗಿರಾಕಿ. ವಾರವಿಡೀ ಬ್ಯಾಂಕಿನ ಗಾಜಿನ ಹಿಂದೆ ಕೂತು "ಮುಂದಿನವರು ಬನ್ನಿ" ಎಂದು ಮೆತ್ತಗೆ ಕರೆಯುವ, ಐವತ್ತು ಸಮೀಪಿಸಿದ ಮನುಷ್ಯ. ಭಾನುವಾರ ಮಾತ್ರ ಕಪ್ಪು ಅಂಗಿ ತೊಟ್ಟು ಮೂವರು ಗೆಳೆಯರ ಜೊತೆ ಒಂದು ಗೋದಾಮಿನಲ್ಲಿ ಬಾರಿಸಿದರೆ ಪಕ್ಕದ ಬೀದಿಯ ಪಾತ್ರೆಗಳು ಅಲುಗುತ್ತಿದ್ದವು. ಎರಡು ವರ್ಷದ ಹಿಂದೆ ಅವನು ತನ್ನ ಗಿಟಾರು ತಂದು ಏಳು ಮನೆ ಕೆಳಗೆ ಇಳಿಸಿಕೊಡಿ ಎಂದಿದ್ದ. ಕತ್ತಿನ ಮೇಲೆ ಎರಡು ಲೋಹದ ಪಟ್ಟಿಗಳ ನಡುವಿನ ಜಾಗವೇ ಮನೆ, ಒಂದು ಮನೆ ಜರುಗಿದರೆ ಸ್ವರ ಒಂದು ಮೆಟ್ಟಿಲು ಜರುಗಿದಂತೆ.

"ಇದೇನ್ ಸ್ವಾಮಿ, ಗಿಟಾರೋ, ಬಾವಿಗೆ ಬಿಟ್ಟ ಕೊಡಾನೋ? ಎಷ್ಟು ಅಂತ ಇಳಿಸ್ತೀರಿ?" ಎಂದು ಮೇಸ್ತ್ರಿ ಬೈದಿದ್ದ.

"ನೀರು ಸಿಗೋವರೆಗೂ ಮೇಸ್ತ್ರೀ," ಎಂದು ಗುಡುಗು ನಕ್ಕಿದ್ದ.

ಬೈಯುತ್ತಲೇ ಹದಿನೈದು ದಿನ ಒದ್ದಾಡಿ ಮೇಸ್ತ್ರಿ ಅದನ್ನು ಸರಿಪಡಿಸಿ ಕೊಟ್ಟ. ಕಲಿತ ಕೈಕೆಲಸ ಯಾವಾಗ ಎಲ್ಲಿ ಬೇಕಾಗುತ್ತದೋ ಹೇಳುವವರು ಯಾರು. ಇಂದು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿದ್ದ ಗಿಟಾರು ಗಿರಾಕಿಯದಲ್ಲ, ಅವನದೇ. ಇಪ್ಪತ್ತೆರಡು ವರ್ಷ ಪ್ರತಿ ಶನಿವಾರ ಸಂಜೆ ಒಂದು ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ಅವನು ಅದನ್ನು ಬಾರಿಸಿದ್ದ, ಅವಳು ಹಾಡಿದ್ದಳು. ಚಮಚಗಳ ಸದ್ದು, ಮಕ್ಕಳ ಅಳು, ಬಿಲ್ಲಿನ ಜಗಳ ಎಲ್ಲದರ ಮೇಲೂ ಅವಳ ದನಿ ತೇಲುತ್ತಿತ್ತು. ಹೋಟೆಲಿನವರು ಅದನ್ನು ನಿಲ್ಲಿಸಿದ ಮೇಲೂ ಸಂಜೆ ಆರಕ್ಕೆ ಇಬ್ಬರೂ ಅಂಗಡಿಯ ಕೋಣೆಯಲ್ಲಿ ಕೂತು ಹಾಡುವುದು ತಪ್ಪಿರಲಿಲ್ಲ. ಮೊದಲ ಹಾಡು ಯಾವತ್ತೂ ಒಂದೇ. ಮದುವೆಯಾದ ವರ್ಷ ಅವನನ್ನು ಅಣಕಿಸಲು ಅವಳೇ ಕಟ್ಟಿದ್ದು.

ಹಾಲು ಉಕ್ಕಿತು, ಒಲೆಯು ಆರಿತು,
ನಿನ್ನ ಮಾತು ಮುಗಿಯಲಿಲ್ಲ.

ಆಗ ಅವನು ಬಾಯಿಬಡುಕ, ಈಗ ಅವಳೇ ಎರಡು ಪಟ್ಟು. "ಮುಗಿಯಲಿಲ್ಲ" ಎನ್ನುವಲ್ಲಿ ರಾಗ ಥಟ್ಟನೆ ಮೇಲಕ್ಕೆ ಜಿಗಿಯುತ್ತಿತ್ತು. ಆ ಜಿಗಿತಕ್ಕೆ ಹೋಟೆಲಿನ ಅಡುಗೆಯವರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಹೋದ ವರ್ಷ ಅವಳ ಗಂಟಲಿನಲ್ಲಿ ಸಾಸಿವೆ ಕಾಳಿನಷ್ಟು ಗಂಟು ಕಾಣಿಸಿತು. ಒಳ್ಳೆಯ ಜಾತಿಯ ಗಂಟಲ್ಲ ಎಂದರು. ಕತ್ತಿ ಮುಟ್ಟಿಸದೆ ಲೇಸರ್ ಬೆಳಕಿನಿಂದಲೇ ಸುಟ್ಟು ತೆಗೆದರು, ಪೂರ್ತಿ ಹೋಯಿತು ಎಂದೂ ಹೇಳಿದರು. ಮೂರು ವಾರ ಮೌನ, ಆಮೇಲೆ ಪಿಸುಮಾತು, ಎರಡು ತಿಂಗಳಿಗೆ ಮಾತು. ಮಾತು ಬಂದ ಸಂಜೆಯೇ ಅವಳು ಹಾಡಲು ಕೂತಳು. "ಮುಗಿಯಲಿಲ್ಲ" ಎಂದು ಜಿಗಿಯಹೋದ ದನಿ ಅರ್ಧದಲ್ಲೇ ಕುಸಿದು, ಒಡೆದ ಕೊಳಲಿನಲ್ಲಿ ಗಾಳಿ ಹೋದಂತೆ ಬರೀ ಉಸಿರಾಗಿ ಹೋಯಿತು. ಅವಳು ಹೊಲಿಯುತ್ತಿದ್ದ ಪರದೆಯಲ್ಲೇ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಒಂಬತ್ತು ದಿನ ಹಾಡಿನ ಸುದ್ದಿ ಎತ್ತಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಹೊಲಿಗೆ ಯಂತ್ರ ತುಳಿಯುವ ಸದ್ದು ಮಾತ್ರ ಬೆಳಗಿನಿಂದ ಸಂಜೆವರೆಗೆ ಕೇಳುತ್ತಿತ್ತು. ಆ ಒಂಬತ್ತು ದಿನಗಳಲ್ಲಿ ಮೇಸ್ತ್ರಿ ಅನುಭವಿಸಿದ ಹೆದರಿಕೆ ಆಪರೇಷನ್ ಥಿಯೇಟರಿನ ಹೊರಗೆ ಕೂತಾಗಲೂ ಆಗಿರಲಿಲ್ಲ. ಹಾಡದ ಅವಳು ಹೇಗಿರುತ್ತಾಳೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಹತ್ತನೆಯ ದಿನ ಅವಳು ಅಂಗಡಿ ಬೀದಿಗೆ ಹೋದಾಗ ಗಿಟಾರಿಗೆ ಒಂದಿಷ್ಟು ದಪ್ಪ ತಂತಿ ಹಾಕಿ ಎರಡು ಮನೆ ಇಳಿಸಿದ. ಸಂಜೆ, "ಹೊಸಾ ತಂತಿ ಹಾಕಿದೀನಿ ಕಣೇ, ಒಂದ್ಸಲ ನೋಡೋಣ ಬಾ," ಎಂದ. ಅವಳಿಗೆ ವಾದ್ಯ ಬಾರಿಸಲು ಬಾರದು. ಆದರೆ ಅವನ ಬೆರಳುಗಳು ಯಾವ ಸಾಲಿಗೆ ಎಲ್ಲಿ ಕೂರುತ್ತವೆ ಎಂಬುದು ಮೂವತ್ತು ವರ್ಷದಿಂದ ಕಣ್ಣಿಗೆ ಪಾಠವಾಗಿತ್ತು. ಬೆರಳುಗಳು ಅಂದೂ ಅಲ್ಲೇ ಕೂತವು. ಅವಳು ಕಣ್ಣು ಮುಚ್ಚಿ ಜಿಗಿದಳು, ದನಿ ಹೋಗಿ ಮುಟ್ಟಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತಳು, ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿ "ಬಂತು ಕಣ್ರೀ, ನನ್ನ ದನಿ ವಾಪಸ್ ಬಂತು" ಎಂದು ಹೇಳಿ ಬಂದಳು. ಮೇಸ್ತ್ರಿ ಗಿಟಾರನ್ನು ತಬ್ಬಿಕೊಂಡು ಕೂತೇ ಇದ್ದ. ಜೀವನದಲ್ಲಿ ತಾನು ಮಾಡಿದ ಅತ್ಯುತ್ತಮ ರಿಪೇರಿ ಇದೇ ಎಂದು ಅಂದು ಅವನಿಗೆ ಅನಿಸಿತ್ತು.

ಒಂದು ಸುಳ್ಳು ಹೇಳಿದವನು ಅದರ ಸಂಸಾರವನ್ನೂ ಸಾಕಬೇಕು. ರೇಡಿಯೊ ಜೊತೆ ದನಿಗೂಡಿಸಬೇಡ, ಗಂಟಲಿಗೆ ಆಯಾಸ ಎಂದ. ಹೋಟೆಲಿನ ಕಾಲದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ ಎಂದು ಅಟ್ಟಕ್ಕೆ ಹಾಕಿದ. ನಾಲ್ಕು ತಿಂಗಳ ಮೇಲೆ ಅವಳ ದನಿ ಮತ್ತೆ ಆ ಜಿಗಿತದಲ್ಲಿ ತಡವರಿಸಿತು. ಬೀದಿಯ ಆ ತುದಿಯಲ್ಲಿ ಸೈಕಲ್ಲಿನ ಚೈನು ಸಡಿಲವಾದರೂ ಕೇಳಿಸುವ ಕಿವಿ ಅವನದು. ಅವಳಿಗೆ ತಿಳಿಯುವ ಮೊದಲೇ ಅವನಿಗೆ ತಿಳಿಯಿತು. ಇನ್ನಷ್ಟು ದಪ್ಪ ತಂತಿ, ಇನ್ನು ಮೂರು ಮನೆ. ವಯಸ್ಸಾದಂತೆ ದನಿ ಇಳಿಯುವುದು ಸಹಜ, ಗಾಯ ಆರಿದ ಗಂಟಲು ತನ್ನ ಜಾಗ ಹುಡುಕಿಕೊಳ್ಳುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹೋದ ಭಾನುವಾರ ಮತ್ತೆ ತಡವರಿಸಿದಾಗಲೂ ಅದನ್ನೇ ಹೇಳಿಕೊಂಡ. ಎರಡು, ಮೂರು, ಇಂದು ಇನ್ನೆರಡು. ಒಟ್ಟು ಏಳು.

ಮೂರೂವರೆಗೆ ಕೆಲಸ ಮುಗಿಯಿತು. ಗೀರುಗಳಿಗೆ ಪೆನ್ಸಿಲ್ಲಿನ ಸೀಸ ತಿಕ್ಕಿ, ತಂತಿ ಏರಿಸಿ, ಕುದುರೆ ಸರಿಸಿ, ಹನ್ನೆರಡನೆಯ ಮನೆಯಲ್ಲಿ ಒತ್ತಿ ನೋಡಿದ. ಸ್ವರ ನಿಂತಿತು. ಆಳವಾದ, ಬಿಗಿಯಾದ, ಕೊಳೆಯಿಲ್ಲದ ಸ್ವರ. ಕಸುಬುದಾರನಿಗೆ ಹೆಮ್ಮೆಯಾಗಬೇಕಾದ ಕೆಲಸ, ಹೆಮ್ಮೆಯೂ ಆಯಿತು.

ಹೆಂಡತಿ ನಾಲ್ಕೂಕಾಲಿಗೆ ಬಂದಳು. ಅವಳ ಹಿಂದೆಯೇ ರಿಪೇರಿಗೆ ಕೊಟ್ಟಿದ್ದ ತನ್ನ ಗಿಟಾರನ್ನು ಒಯ್ಯಲು ಗುಡುಗು ಬಂದ. ಬ್ಯಾಂಕಿನ ಇಸ್ತ್ರಿ ಅಂಗಿಯಲ್ಲಿ ಅವನು ಬೇರೆ ಯಾರದೋ ತಮ್ಮನಂತೆ ಕಾಣುತ್ತಿದ್ದ.

"ಅತ್ತಿಗೆ, ಮೇಸ್ತ್ರಿ ಬಾಯಲ್ಲಿ ನಿಮ್ಮ ಹಾಡಿನ ವರ್ಣನೆ ಕೇಳಿ ಕೇಳಿ ಸಾಕಾಗಿದೆ. ಇವತ್ತು ಹಾಡನ್ನೇ ಕೇಳ್ಕೊಂಡು ಹೋಗ್ತೀನಿ."

"ಅವಳಿಗೆ ಸುಸ್ತಾಗಿದೆ," ಎಂದು ಮೇಸ್ತ್ರಿ ತಟ್ಟನೆ ಎಂದ. "ಹನ್ನೊಂದು ಕಿಟಕಿ ಅಳೆದು ಬಂದಿದಾಳೆ."

"ಹದಿಮೂರು! ಬಚ್ಚಲುಮನೆದು ಎರಡು ಲೆಕ್ಕಕ್ಕೇ ಹಿಡಿದಿರ್ಲಿಲ್ಲ ಆ ಮಹಾತಾಯಿ. ಸುಸ್ತೂ ಇಲ್ಲ ಗಿಸ್ತೂ ಇಲ್ಲ. ಹೇಗೂ ಇವತ್ತಿನ ಹಾಡು ಆಗಬೇಕಲ್ಲ, ತಗೊಳ್ಳಿ ಗಿಟಾರು."

ಅವಳು ಅಳತೆಪಟ್ಟಿಯನ್ನು ಕತ್ತಿನಿಂದ ತೆಗೆಯದೆಯೇ ನಿಂತು ಹಾಡಿದಳು. ಭಾನುವಾರ ತಡವರಿಸಿದ್ದ ಜಿಗಿತ ಇಂದು ಸಲೀಸಾಗಿ ಮುಟ್ಟಿತು. ಅದು ಅವಳಿಗೂ ಗೊತ್ತಾಗಿ ಹುಬ್ಬು ಹಾರಿಸಿದಳು. ಗುಡುಗಿಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನ ಗಿಟಾರನ್ನು ಚೀಲದಿಂದ ತೆಗೆದು, ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ, "ಇನ್ನೊಂದ್ಸಲ ಅತ್ತಿಗೆ, ನಾನೂ ಸೇರ್ಕೋತೀನಿ," ಎಂದು ಮೇಸ್ತ್ರಿಯ ಎಡಗೈ ನೋಡಿಕೊಂಡು ಅವನು ಹಿಡಿದಲ್ಲೇ ಹಿಡಿದು ಬಾರಿಸತೊಡಗಿದ. ಮೇಸ್ತ್ರಿ ನಿಲ್ಲಿಸಬೇಕೆಂದುಕೊಂಡ. ಹಾಡು ನಡೆಯುತ್ತಿರುವಾಗ ಕೈ ನಿಲ್ಲಿಸುವುದು ಆ ಕೈಗೆ ಗೊತ್ತಿರಲಿಲ್ಲ. ಎರಡು ಗಿಟಾರೂ ಒಂದೇ ಎಂಬಂತೆ ಕೂಡಿ ಬಂದವು.

"ಅರೆ!" ಗುಡುಗು ಕುಣಿದಾಡಿದ. "ನಿಮ್ಮ ಕೈ ನೋಡ್ಕೊಂಡು ಹಿಡಿದ್ರೆ ಹಾಗೇ ಸೇರ್ತಿದೆಯಲ್ಲ ಮೇಸ್ತ್ರೀ! ನಿಮ್ಮದೂ ಏಳು ಮನೆ ಇಳಿಸಿದೀರಾ? ನನಗೆ ಬಾವಿ, ಕೊಡ ಅಂತೆಲ್ಲ ಬೈದವರು ನೀವೇ ಅಲ್ವಾ? ಅತ್ತಿಗೆ, ಭಲೇ. ಇಷ್ಟು ಕೆಳಗೆ ನಮ್ಮ ಹಾಡೋನಿಗೇ ಬರಲ್ಲ."

ಅವಳು ಮೇಸ್ತ್ರಿಯ ಮುಖ ನೋಡಲಿಲ್ಲ. ಹತ್ತಿರ ಬಂದು ಗಿಟಾರಿನ ದಪ್ಪ ತಂತಿಯನ್ನು ತೋರುಬೆರಳಿನಿಂದ ಸವರಿದಳು, ಆಮೇಲೆ ಗುಡುಗಿನದನ್ನು ಸವರಿದಳು. ಬಟ್ಟೆಯ ದಪ್ಪವನ್ನು ಕಣ್ಣು ಮುಚ್ಚಿ ಹೇಳುವ ಬೆರಳದು.

ತಾನೇನು ಮಾಡಿದೆ ಎಂದು ತಿಳಿಯದಿದ್ದರೂ ಏನೋ ಮಾಡಿದ್ದೇನೆ ಎಂದು ಗುಡುಗಿಗೆ ತಿಳಿಯಿತು. ಸದ್ದಿಲ್ಲದೆ ಗಿಟಾರನ್ನು ಚೀಲಕ್ಕೆ ತುಂಬಿಕೊಂಡು "ಬರ್ತೀನಿ ಅತ್ತಿಗೆ" ಎಂದು ಹೊರಟುಹೋದ.

"ಎಷ್ಟು?" ಎಂದಳು.

"ಏಳು."

"ಒಂದೇ ಸಲಕ್ಕಾ?"

"ಇಲ್ಲ. ಮೂರು ಸಲ." ಅವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ. "ಅವತ್ತು ನೀನು ಪರದೆಯಲ್ಲಿ ಮುಖ ಮುಚ್ಕೊಂಡು ಒಳಗೆ ಹೋದ್ಯಲ್ಲ... ಅದನ್ನ ಇನ್ನೊಂದ್ಸಲ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ ಕಣೇ."

ಬೈಯುತ್ತಾಳೆ, ಅಳುತ್ತಾಳೆ, ಸುಳ್ಳುಗಾರ ಎನ್ನುತ್ತಾಳೆ ಎಂದು ಕಾದ. ಅವಳು ಅದಾವುದನ್ನೂ ಮಾಡದೆ ಸ್ಟೂಲಿನ ಮೇಲೆ ಕೂತು, ಬೆರಳು ಮಡಿಸಿ ಏನನ್ನೋ ಎಣಿಸಿದಳು.

"ನನ್ನ ಫೋನ್ ಎಲ್ಲಿ?"

"ಯಾರಿಗೆ?"

"ಡಾಕ್ಟರಿಗೆ."

"ಈಗ ಡಾಕ್ಟರ್ ಯಾಕೆ?"

ಆಗ ಅವಳು ಹೇಳಿದಳು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಅವನು ಔಷಧಿ ತರಲು ಕೆಳಗೆ ಹೋಗಿದ್ದಾಗ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಹೇಳಿದ್ದರಂತೆ. ನೀವು ಹಾಡುವವರು, ನಿಮ್ಮ ಹತ್ತಿರ ನಮ್ಮ ಯಂತ್ರಕ್ಕಿಂತ ಒಳ್ಳೆಯ ಯಂತ್ರ ಇದೆ. ದನಿ ಬಂದ ಮೇಲೆ ದಿನವೂ ಒಂದೇ ಹಾಡನ್ನು ಒಂದೇ ಶ್ರುತಿಗೆ ಹಾಡಿ. ಯಾವತ್ತು ಅದು ಎಟುಕದೆ ದನಿ ಕೆಳಗೆ ಇಳಿಯಿತೋ ಅವತ್ತೇ ಫೋನ್ ಮಾಡಿ. ಗಂಟು ಮತ್ತೆ ಬಂದರೆ ಮೊದಲು ಹೇಳುವುದು ಶ್ರುತಿಯೇ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದ.

"ಹೇಳಿದ್ರೆ ದಿನಾ ನನ್ನ ಬಾಯಿ ನೋಡ್ಕೊಂಡು ಕೂತಿರ್ತಿದ್ರಿ. ಹಾಡು ಹೋಗಿ ಪರೀಕ್ಷೆ ಆಗ್ತಿತ್ತು." ಅವಳು ತನ್ನ ಚೀಲದಲ್ಲಿ ಸಿಕ್ಕ ಫೋನನ್ನು ಸೀರೆಯ ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. "ಪ್ರತಿ ತಿಂಗಳೂ ಫೋನ್ ಮಾಡಿ ಅದೇ ಶ್ರುತಿ ಡಾಕ್ಟರೇ, ಒಂದು ಕೂದಲೂ ಆಚೀಚೆ ಇಲ್ಲ ಅಂದಿದೀನಿ. ಮೂಗಲ್ಲಿ ನಳಿಗೆ ಬಿಟ್ಟು ನೋಡೋಣ ಬನ್ನಿ ಅಂತ ಎರಡು ಸಲ ಕರೆದ್ರು. ಶ್ರುತಿ ಸರಿಯಾಗಿದೆ, ಆ ದರಿದ್ರ ನಳಿಗೆ ಯಾಕೆ ಅಂತ ನಾನೇ ಮುಂದೆ ಹಾಕಿದೆ."

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಮೇಸ್ತ್ರಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ, ಮರುಗಳಿಗೆ ಎಲ್ಲವೂ ಅರ್ಥವಾಯಿತು. ಮೇಜಿನ ಅಂಚು ಹಿಡಿದುಕೊಂಡ. ಅಳತೆ ತಪ್ಪಬಾರದೆಂದು ಅವಳು ದಿನವೂ ಹಾಡಿದ್ದಳು. ಅಳತೆಗೋಲನ್ನೇ ಅವನು ಮೂರು ಸಲ ಕತ್ತರಿಸಿ ಗಿಡ್ಡ ಮಾಡಿದ್ದ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ನಳಿಗೆ ಬಿಟ್ಟು ಬಹಳ ಹೊತ್ತು ನೋಡಿದರು. ನೋಡುವಾಗ ಮಾತಾಡುವ ಅಭ್ಯಾಸ ಅವರಿಗಿತ್ತು, ಅಂದು ಮಾತಾಡಲಿಲ್ಲ. ಕೈ ತೊಳೆದು ಬಂದು ಕಾಗದ ಎಳೆದುಕೊಂಡರು.

"ದನಿ ಇಳಿಯೋಕೆ ಶುರುವಾಗಿದ್ದು ಯಾವಾಗ?"

"ನನಗೆ ಗೊತ್ತಿಲ್ಲ ಡಾಕ್ಟರೇ," ಎಂದಳು ಹೆಂಡತಿ. "ಇವರನ್ನ ಕೇಳಿ. ಇವರ ಹತ್ತಿರ ಎಲ್ಲಾ ಇದೆ."

ಮೇಸ್ತ್ರಿ ಶಾಲೆಯಲ್ಲಿ ಎದ್ದು ನಿಲ್ಲುವಂತೆ ಎದ್ದು ನಿಂತ. "ಆಪರೇಷನ್ ಆಗಿ ಎರಡು ತಿಂಗಳಿಗೆ, ಎರಡು ಮನೆ. ಅದು ಗಾಯದಿಂದ ಇದ್ದಿರಬಹುದು. ಆಮೇಲೆ ನಾಲ್ಕು ತಿಂಗಳು ಅಲ್ಲೇ ನಿಂತಿತ್ತು. ಆರನೇ ತಿಂಗಳ ಕೊನೇಲಿ ಮೂರು ಮನೆ. ಹೋದ ಭಾನುವಾರದಿಂದ ಇನ್ನೆರಡು."

"ಮನೆ ಅಂದ್ರೆ?"

ಅವನು ವಿವರಿಸಿದ. ಡಾಕ್ಟರಮ್ಮ ಬರೆಯುತ್ತಿದ್ದವರು ಮಧ್ಯದಲ್ಲಿ ಪೆನ್ನು ನಿಲ್ಲಿಸಿ ಅವನನ್ನು ನೋಡಿದರು. "ಇಷ್ಟು ಕರಾರುವಾಕ್ಕಾಗಿ ನನಗೆ ಯಾವ ರೋಗಿಯ ಮನೆಯವರೂ ಹೇಳಿರಲಿಲ್ಲ," ಎಂದರು. ಹೊಗಳಿಕೆಯಲ್ಲವೆಂದು ಮೂವರಿಗೂ ಗೊತ್ತಿತ್ತು. "ಆರನೇ ತಿಂಗಳಲ್ಲಿ ಬಂದಿದ್ರೆ..." ಎಂದು ಶುರುಮಾಡಿ, ಅವಳ ಕಡೆ ನೋಡಿ, ಮಾತು ಬದಲಿಸಿ, ಯಾವ ಯಾವ ಪರೀಕ್ಷೆಗೆ ಯಾವ ಮಹಡಿಗೆ ಹೋಗಬೇಕು ಎಂದು ಹೇಳಿದರು.

ಪರೀಕ್ಷೆಗಳು ಮುಗಿದ ಮೇಲೆ ಗೊತ್ತಾಯಿತು. ಗಂಟು ಬೇರು ಬಿಟ್ಟಿತ್ತು. ಈ ಸಲ ಬೆಳಕಿನ ಕೆಲಸವಲ್ಲ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ. ಕುತ್ತಿಗೆಯಲ್ಲಿ ಉಸಿರಿಗೊಂದು ರಂಧ್ರ ಮಾಡುತ್ತಾರೆ. ಮಾತು, ಹಾಡು ಎರಡೂ ಇರುವುದಿಲ್ಲ. ಹನ್ನೆರಡು ದಿನ ಬಿಟ್ಟು ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ ಸೇರಿಕೊಳ್ಳಬೇಕು.

ಹನ್ನೆರಡು ದಿನದ ಮಾತು ಉಳಿದಿದ್ದ ಹೆಂಗಸು ಗಂಡನೊಡನೆ ಒಂದು ಮಾತೂ ಆಡಲಿಲ್ಲ. ತಂಗಿಗೆ ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡಿದಳು. ಪಕ್ಕದ ಮನೆಯವಳ ಜೊತೆ, ಪರದೆಯ ಗಿರಾಕಿಗಳ ಜೊತೆ, ಗೇಟಿನ ಬಳಿ ಬಂದು ತಲೆ ತಗ್ಗಿಸಿ ನಿಂತ ಗುಡುಗಿನ ಜೊತೆ ಕೂಡ ಮಾತಾಡಿದಳು. "ನಿಮ್ಮಿಂದ ಏನೂ ಆಗಿಲ್ಲ, ನೀವು ಹೇಳಿದ್ದಕ್ಕೇ ಗೊತ್ತಾಯ್ತು," ಎಂದು ಅವನನ್ನು ಸಮಾಧಾನ ಮಾಡಿ ಕಳಿಸಿದಳು. ತಟ್ಟೆ ಹಾಕಿ ಗಂಡನ ಮುಂದೆ ಸರಿಸುತ್ತಿದ್ದಳು, ಅಷ್ಟೇ. ಮೇಸ್ತ್ರಿ ಒಳಗೋಡೆಗೆ ಒರಗಿ ಕೂತು ಅವಳು ಬೇರೆಯವರ ಜೊತೆ ಆಡುವ ಮಾತನ್ನೆಲ್ಲ ಕೇಳಿಸಿಕೊಂಡ. ಪಿನ್ನು, ದಾರ, ಅಂಚುಪಟ್ಟಿ, ತಂಗಿಯ ಮಂಡಿನೋವು. ಅವು ಮುಗಿದುಹೋಗುತ್ತಿವೆ ಎಂಬ ಸಂಕಟಕ್ಕೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ತನ್ನ ಪಾಲಿನದು ಕೇಳುವ ಮುಖ ಅವನಿಗಿರಲಿಲ್ಲ.

ಏನಾದರೂ ಮಾಡದೆ ಕೈ ಸುಮ್ಮನಿರಲಿಲ್ಲ. ಹೊಸ ಮೂಳೆಯ ತುಂಡು ತಂದು, ಕೊಯ್ದು, ಮಟ್ಟ ಮಾಡಿ, ಹಳೆಯ ತೆಳು ತಂತಿಗಳ ಅಳತೆಗೆ ಗೀರು ಹಾಕತೊಡಗಿದ. ಕೊನೆಯ ಭಾನುವಾರ ಮಧ್ಯಾಹ್ನ, ಐದು ಗೀರು ಮುಗಿದು ಆರನೆಯದಕ್ಕೆ ಅರ ಇಟ್ಟಾಗ ಅವಳು ಬಾಗಿಲಲ್ಲಿ ಬಂದು ನಿಂತಳು. ಆಸ್ಪತ್ರೆಯ ಚೀಲ ತುಂಬಿ ಮುಗಿದಿತ್ತು.

"ಯಾರಿಗೆ ಅದು?"

ಹನ್ನೊಂದು ದಿನದ ಮೇಲೆ ಬಂದ ಮಾತು. ಅವನ ಕೈಯಿಂದ ಅರ ಜಾರಿತು. "ಮೊದಲಿದ್ದ ಹಾಗೆ ಮಾಡೋಣ ಅಂತ. ನಿಜವಾದ ಶ್ರುತಿಗೆ."

"ನನ್ನ ಗಂಟಲಿಗೂ ಒಂದು ಹೊಸ ಪಟ್ಟಿ ಕೊಯ್ದು ಹಾಕ್ತೀರಾ?"

ಅವನು ಬಿದ್ದ ಅರವನ್ನು ಎತ್ತಿ ಮೇಜಿನ ಮೇಲಿಟ್ಟ. ಅವಳು ಒಳಗೆ ಬಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ದನಿ ಹನ್ನೊಂದು ದಿನದಲ್ಲಿ ಇನ್ನೂ ಒರಟಾಗಿತ್ತು. ಬೇರೆಯವರೊಡನೆ ಮಾತಾಡುವಾಗ ಗೋಡೆಯಾಚೆಯಿಂದಲೇ ಅದು ಅವನಿಗೆ ಗೊತ್ತಾಗಿತ್ತು, ಎದುರಿಗೆ ಕೇಳಿದ್ದು ಈಗಲೇ.

"ಒಂದು ಕೇಳ್ತೀನಿ. ಅವತ್ತೇ, ಆರನೇ ತಿಂಗಳಲ್ಲೇ ಯಾಕೆ ಹೇಳ್ಲಿಲ್ಲ ನನಗೆ?"

"ಹಾಡೋದು ನಿಲ್ಲಿಸಿಬಿಡ್ತೀಯಾ ಅಂತ."

"ನಿಲ್ಲಿಸ್ತಿದ್ದೆ," ಎಂದಳು. "ಒಂದು ಎಂಟು ದಿನ ನಿಲ್ಲಿಸ್ತಿದ್ದೆ. ಅಳ್ತಿದ್ದೆ. ನಿಮ್ಮ ಮೇಲೆ ಹಾರಾಡ್ತಿದ್ದೆ. ಆಮೇಲೆ ಡಾಕ್ಟರ ಹತ್ತಿರ ಹೋಗ್ತಿದ್ದೆ."

ಮೇಸ್ತ್ರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಐವತ್ತೆಂಟು ವರ್ಷದ ಗಂಡಸು, ಮೂಳೆಯ ಪುಡಿ ಮೆತ್ತಿದ ಕೈಗಳಲ್ಲಿ, ಸದ್ದು ಮಾಡಿ ಅತ್ತ. ಅವಳು ಅವನನ್ನು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಅಳು ನಿಲ್ಲುವವರೆಗೆ ಕಾದು, ಗೋಡೆಯ ಮೇಲಿನ ಗಿಟಾರನ್ನು ಗದ್ದದಿಂದಲೇ ತೋರಿಸಿದಳು.

"ಆ ಹೊಸ ಪಟ್ಟಿ ಹಾಗೇ ಇರ್ಲಿ. ಅದನ್ನ ತಗೊಳ್ಳಿ. ದಪ್ಪ ತಂತಿದು."

ಅವನು ಗಿಟಾರು ಇಳಿಸಿ, ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ, ತೊಡೆಯ ಮೇಲಿಟ್ಟುಕೊಂಡ. ಬೆರಳು ತಾನಾಗಿ ಜಾಗ ಹಿಡಿಯಿತು. ಅವಳು ಶುರುಮಾಡಿದಳು. ಹಾಲು ಉಕ್ಕಿತು ಎನ್ನುವಷ್ಟರಲ್ಲೇ ದನಿ ತಂತಿಗಿಂತ ಕೆಳಗೆ ಉಳಿದುಬಿಟ್ಟಿತು. ಅವನು ಕೈ ನಿಲ್ಲಿಸಿದ. ಹಾಡಿನ ನಡುವೆ ಅವನು ಕೈ ನಿಲ್ಲಿಸಿದ್ದು ಅದೇ ಮೊದಲು.

"ಇಲ್ಲ," ಎಂದ. "ಸೇರ್ತಿಲ್ಲ ಕಣೇ."

"ಗೊತ್ತಾಯ್ತು. ಇಳಿಸಿ."

ಅವಳ ಎದುರಿಗೇ ಅವನು ಆರು ಕೀಲಿಗಳನ್ನು ಒಂದೊಂದಾಗಿ ತಿರುಗಿಸಿದ. ಅವಳು ಒಂದು ಸ್ವರ ಹಿಡಿದು ಕೂತಿದ್ದಳು, ಉಸಿರು ಮುಗಿದಾಗ ಮತ್ತೆ ಎಳೆದುಕೊಂಡು ಅದನ್ನೇ ಹಿಡಿದಳು. ತಂತಿ ಕೆಳಗೆ ಬಂತು.

"ಇನ್ನೂ," ಎಂದಳು.

ಒಂದು ಮನೆ. ತಂತಿಗಳ ಬಿಗಿ ಹೋಗಿ ಅಂಚಿನಲ್ಲಿ ನಡುಕ ಕಾಣತೊಡಗಿತು.

"ಇನ್ನೂ ಸ್ವಲ್ಪ."

ದಪ್ಪ ತಂತಿ ಲೋಹದ ಪಟ್ಟಿಗಳಿಗೆ ತಾಗಿ ಕರಕರ ಎಂದಿತು. ಅದಕ್ಕಿಂತ ಕೆಳಗೆ ಆ ಗಿಟಾರಿನಲ್ಲಿ ಸ್ವರವೇ ಇರಲಿಲ್ಲ. ಅವನು ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿ ಅವಳ ಮುಖ ನೋಡಿದ.

"ಸಾಕು," ಎಂದಳು. "ಇಲ್ಲಿದೀನಿ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಬೆನ್ನು ನೇರ ಮಾಡಿ, ಉಸಿರು ಎಳೆದುಕೊಂಡಳು.